ಎರಡು ಅಂಕಿಗಳಲ್ಲಿ ಯಾವುದು ಹಳತು: ಒಂದು ಬಾಂಡ್ ಇಟಿಎಫ್ ಮೌಲ್ಯಮಾಪನದ ಪ್ರಕರಣ

ಈ ಪ್ರಕರಣ ನಡೆದದ್ದು 2020ರ ಮಾರ್ಚ್ ತಿಂಗಳಲ್ಲಿ. ಅಮೆರಿಕದ ಡಾಲರ್ ಬಾಂಡ್‌ಗಳಲ್ಲಿ ಹಣ ತೊಡಗಿಸಿದ್ದ ಒಂದು ವಿದ್ಯಾರ್ಥಿವೇತನ ಟ್ರಸ್ಟ್‌ಗೆ ನಾನು ಆಗ ಹೊರಗಿನ ಸಲಹೆಗಾರನಾಗಿದ್ದೆ. ಟ್ರಸ್ಟ್‌ನ ಗುರುತು ಹತ್ತಬಾರದೆಂದು ಅದರ ಹೆಸರು, ಮೊತ್ತ, ಹೂಡಿಕೆಯ ಪಾಲುಗಳನ್ನು ಮರೆಮಾಡಿದ್ದೇನೆ ಅಥವಾ ಸ್ವಲ್ಪ ಬದಲಿಸಿದ್ದೇನೆ. ಅದರ ಹಿಡುವಳಿಯ ಬೆಲೆಗಳನ್ನು ಮಾರ್ಚ್ ಮೊದಲ ವಾರದ ಬೆಲೆ 100 ಎಂದಿಟ್ಟುಕೊಂಡು ಹೊಂದಿಸಿದ್ದೇನೆ. ಒಟ್ಟು ಮಾರುಕಟ್ಟೆಗೆ ಸಂಬಂಧಿಸಿದ ಸಾರ್ವಜನಿಕ ಅಂಕಿಗಳು ಇದ್ದಂತೆಯೇ ಇವೆ.

ಹಿನ್ನೆಲೆ

ಟ್ರಸ್ಟ್‌ನ ಹೂಡಿಕೆಯ ಸುಮಾರು ಶೇ 40 ಭಾಗ ಒಂದು ಕಾರ್ಪೊರೇಟ್ ಬಾಂಡ್ ಇಟಿಎಫ್‌ನಲ್ಲಿ, ಅಂದರೆ ಕಂಪನಿಗಳ ಸಾಲಪತ್ರಗಳನ್ನು ಹೊಂದಿದ್ದು ಷೇರಿನಂತೆಯೇ ಷೇರುಪೇಟೆಯಲ್ಲಿ ಕೊಂಡು ಮಾರಬಹುದಾದ ಫಂಡ್‌ನಲ್ಲಿತ್ತು. ಇನ್ನು ಶೇ 35ರಷ್ಟು ಅದೇ ಬಗೆಯ ಬಾಂಡ್‌ಗಳನ್ನು ಹೊಂದಿದ್ದ ಒಂದು ಮ್ಯೂಚುವಲ್ ಫಂಡ್‌ನಲ್ಲಿತ್ತು. ಉಳಿದದ್ದು ಅಲ್ಪಾವಧಿಯ ಸರ್ಕಾರಿ ಸಾಲಪತ್ರಗಳಲ್ಲಿ. ಅದನ್ನು ಮುಟ್ಟಬಾರದ ಮೀಸಲು ಎಂದು ಟ್ರಸ್ಟ್ ಮೊದಲೇ ಠರಾವು ಮಾಡಿಕೊಂಡಿತ್ತು. ಪ್ರತಿ ವರ್ಷ ಏಪ್ರಿಲ್ ಮೊದಲ ವಾರ ವಿದ್ಯಾರ್ಥಿವೇತನದ ದೊಡ್ಡ ಕಂತು ಹೊರಹೋಗುತ್ತಿತ್ತು, ಅದಕ್ಕೆ ಬೇಕಾದ ಹಣವನ್ನು ಮಾರ್ಚ್ ಕೊನೆಗೆ ಇಟಿಎಫ್ ಯೂನಿಟ್ ಮಾರಿ ಹೊಂದಿಸುವುದು ವಾಡಿಕೆಯಾಗಿತ್ತು.

ಮೇಲ್ನೋಟಕ್ಕೆ ಇಟಿಎಫ್ ಮತ್ತು ಮ್ಯೂಚುವಲ್ ಫಂಡ್ ಎರಡೂ ಒಂದೇ. ಎರಡರ ಒಳಗೂ ನೂರಾರು ಬಾಂಡ್‌ಗಳಿವೆ, ಎರಡಕ್ಕೂ ದಿನದ ಕೊನೆಗೆ ಒಂದು ನಿವ್ವಳ ಆಸ್ತಿ ಮೌಲ್ಯ, ಅಂದರೆ ಒಂದು ಯೂನಿಟ್‌ನ ಪಾಲಿಗೆ ಬರುವ ಬಾಂಡ್‌ಗಳ ಮೌಲ್ಯ (ಎನ್‌ಎವಿ), ಲೆಕ್ಕಕ್ಕೆ ಬರುತ್ತದೆ. ವ್ಯತ್ಯಾಸವಿರುವುದು ಹೊರಬರುವ ಬಾಗಿಲಿನಲ್ಲಿ. ಮ್ಯೂಚುವಲ್ ಫಂಡ್‌ನ ಯೂನಿಟ್‌ಗಳನ್ನು ಫಂಡ್ ತಾನೇ ಆ ದಿನದ ಎನ್‌ಎವಿಗೆ ವಾಪಸು ಪಡೆದು ಹಣ ಕೊಡುತ್ತದೆ. ಇಟಿಎಫ್‌ನ ಯೂನಿಟ್‌ಗಳನ್ನು ಸಾಮಾನ್ಯ ಹೂಡಿಕೆದಾರ ಷೇರುಪೇಟೆಯಲ್ಲಿ ಇನ್ನೊಬ್ಬನಿಗೆ ಮಾರಬೇಕು, ಅಲ್ಲಿ ಸಿಕ್ಕ ಬೆಲೆಯೇ ಬೆಲೆ. ಇಟಿಎಫ್ ಜೊತೆ ನೇರವಾಗಿ ಕೊಟ್ಟು ತೆಗೆದುಕೊಳ್ಳುವ ಹಕ್ಕು ಇರುವುದು ಅಧಿಕೃತ ಪಾಲುದಾರರೆಂದು ಕರೆಯುವ ಕೆಲವೇ ದೊಡ್ಡ ದಳ್ಳಾಳಿ ಸಂಸ್ಥೆಗಳಿಗೆ. ಅವು ಬಾಂಡ್‌ಗಳ ಕಟ್ಟನ್ನು ಕೊಟ್ಟು ಯೂನಿಟ್ ಪಡೆಯುತ್ತವೆ, ಅಥವಾ ಯೂನಿಟ್ ಕೊಟ್ಟು ಬಾಂಡ್‌ಗಳ ಕಟ್ಟನ್ನು ಪಡೆಯುತ್ತವೆ. ಬೆಲೆ ಮತ್ತು ಎನ್‌ಎವಿ ಒಂದರಿಂದೊಂದು ದೂರ ಸರಿದಾಗ ನಡುವೆ ಲಾಭ ಹುಡುಕುವ ಇವರ ಕೆಲಸವೇ ಎರಡನ್ನೂ ಮತ್ತೆ ಹತ್ತಿರಕ್ಕೆ ತರುತ್ತದೆ.

ಅದಕ್ಕೂ ಮೂರು ವರ್ಷ ಹಿಂದೆ ಟ್ರಸ್ಟ್‌ನ ಹೂಡಿಕೆ ನೀತಿಯಲ್ಲಿ ಒಂದು ನಿಯಮ ಸೇರಿತ್ತು. ಇಟಿಎಫ್‌ನ ಪೇಟೆ ಬೆಲೆ ಸತತ ಎರಡು ದಿನ ಎನ್‌ಎವಿಗಿಂತ ಶೇ 3ಕ್ಕೂ ಹೆಚ್ಚು ಕೆಳಗಿದ್ದರೆ ಒಂದು ವಾರದೊಳಗೆ ಹಿಡುವಳಿಯನ್ನೆಲ್ಲ ಮಾರಬೇಕು ಎಂಬುದು ಆ ನಿಯಮ. ಅದನ್ನು ಬರೆದವನು ನಾನೇ. ಬೆಲೆ ಎನ್‌ಎವಿಯಿಂದ ಅಷ್ಟು ದೂರ ಬಿದ್ದಿದೆ ಎಂದರೆ ಫಂಡ್‌ನ ಒಳಗೆ ಏನೋ ಕೆಟ್ಟಿದೆ ಎಂಬ ಎಣಿಕೆ ಅದರ ಹಿಂದಿತ್ತು. ನಿಯಮ ಬರೆದ ದಿನಗಳಲ್ಲಿ ಡಿಸ್ಕೌಂಟ್, ಅಂದರೆ ಬೆಲೆ ಎನ್‌ಎವಿಗಿಂತ ಕೆಳಗಿರುವ ಅಂತರ, ಶೇ 0.2ನ್ನು ದಾಟುವುದೇ ಅಪರೂಪವಾಗಿತ್ತು, ಆದ್ದರಿಂದ ಶೇ 3 ಎಂಬ ಅಂಕಿ ವಾಸ್ತವದಲ್ಲಿ ಎಂದೂ ಪರೀಕ್ಷೆಗೆ ಒಳಗಾಗುವುದಿಲ್ಲ ಎಂದೇ ಎಲ್ಲರೂ ಅಂದುಕೊಂಡಿದ್ದೆವು.

ಸಮಸ್ಯೆ

ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಮಹಾಸಾಂಕ್ರಾಮಿಕವೆಂದು ಘೋಷಿಸಿದ್ದು ಮಾರ್ಚ್ 11ರಂದು. ಮರುದಿನವೇ ಅಮೆರಿಕದ ಅತಿ ದೊಡ್ಡ ಬಾಂಡ್ ಇಟಿಎಫ್‌ಗಳ ಪೈಕಿ ಎಜಿಜಿ ತನ್ನ ಎನ್‌ಎವಿಗಿಂತ ಶೇ 4ಕ್ಕೂ ಹೆಚ್ಚು, ಬಿಎನ್‌ಡಿ ಶೇ 6ಕ್ಕೂ ಹೆಚ್ಚು ಕೆಳಗೆ ಮುಕ್ತಾಯವಾದವು. ಇವೆರಡರಲ್ಲೂ ಗಣನೀಯ ಭಾಗ ಸರ್ಕಾರಿ ಬಾಂಡ್‌ಗಳದ್ದು ಎಂಬುದನ್ನು ನೆನೆದರೆ ಆ ದಿನದ ಗಾಬರಿ ಎಷ್ಟಿತ್ತೆಂದು ಊಹಿಸಬಹುದು. ನಮ್ಮ ಕಾರ್ಪೊರೇಟ್ ಬಾಂಡ್ ಇಟಿಎಫ್‌ಗೂ ಇದೇ ಗತಿಯಾಯಿತು. ಮಾರ್ಚ್ 17ರ ಮುಕ್ತಾಯಕ್ಕೆ ಅದರ ಎನ್‌ಎವಿ 86, ಪೇಟೆ ಬೆಲೆ 82. ಡಿಸ್ಕೌಂಟ್ ಶೇ 4.65. ಅದರ ಹಿಂದಿನ ದಿನವೂ ಶೇ 3ರ ಗೆರೆ ದಾಟಿತ್ತು. ನಿಯಮದ ಪ್ರಕಾರ ಮಾರಾಟ ಕಡ್ಡಾಯ.

ಮಾರ್ಚ್ 18ರ ಬೆಳಿಗ್ಗೆ ಹೂಡಿಕೆ ಸಮಿತಿ ವಿಡಿಯೊ ಕರೆಯಲ್ಲಿ ಸೇರಿತು. ಅಧ್ಯಕ್ಷರು, ಖಜಾಂಚಿ, ಹಿರಿಯ ಸದಸ್ಯರೊಬ್ಬರು, ಟ್ರಸ್ಟ್‌ನ ಕಿರಿಯ ವಿಶ್ಲೇಷಕಿ, ನಾನು. ಅಧ್ಯಕ್ಷರ ಮಾತು ನೇರವಾಗಿತ್ತು: "86 ಬೆಲೆಬಾಳುವ ವಸ್ತುವನ್ನು 82ಕ್ಕೆ ಮಾರಿ ಎಂದು ನಿಮ್ಮ ನಿಯಮ ಹೇಳುತ್ತಿದೆ. ಸರಿ, ಮಾರಿದರೆ 4 ನಷ್ಟ. ಮಾರದಿದ್ದರೆ ನಿಯಮಭಂಗ. ಯಾವುದು ಮಾಡೋಣ?" ಖಜಾಂಚಿಯವರ ಆತಂಕ ಬೇರೆಯದು. ಏಪ್ರಿಲ್ ಕಂತಿಗೆ ಹಣ ಬೇಕು, ಅದು ಎಲ್ಲಿಂದಾದರೂ ಬರಲೇಬೇಕು.

ಅಧ್ಯಕ್ಷರ ಆ ವಾಕ್ಯದಲ್ಲಿಯೇ ಇಡೀ ಪ್ರಕರಣದ ಗಂಟು ಇತ್ತು, ಆದರೆ ಆ ಕ್ಷಣ ನಮಗಾರಿಗೂ ಅದು ಕಾಣಲಿಲ್ಲ. "86 ಬೆಲೆಬಾಳುವ ವಸ್ತು" ಎಂಬುದನ್ನು ಎಲ್ಲರೂ ಒಪ್ಪಿಕೊಂಡು ಮುಂದಿನ ಮಾತಿಗೆ ಹೋಗಿದ್ದೆವು.

ಮೊದಲ ಪ್ರಯತ್ನಗಳು

ಅರ್ಧ ದಿನ ಎರಡು ತಪ್ಪು ದಾರಿಗಳಲ್ಲಿ ಕಳೆಯಿತು. ಮೊದಲನೆಯದು, ಷೇರುಪೇಟೆಯ ವೇಳೆಯಲ್ಲಿ 15 ಸೆಕೆಂಡಿಗೊಮ್ಮೆ ಪ್ರಕಟವಾಗುತ್ತಿದ್ದ ಅಂದಾಜು ಎನ್‌ಎವಿಯನ್ನು ನೋಡುತ್ತ ಕೂತದ್ದು. ಷೇರುಗಳ ಇಟಿಎಫ್‌ಗೆ ಅದು ಉಪಯುಕ್ತ, ಏಕೆಂದರೆ ಒಳಗಿನ ಪ್ರತಿಯೊಂದು ಷೇರೂ ಆಗ ತಾನೇ ವಹಿವಾಟಾಗುತ್ತಿರುತ್ತದೆ. ಬಾಂಡ್‌ಗಳ ವಿಷಯದಲ್ಲಿ 15 ಸೆಕೆಂಡಿಗೊಮ್ಮೆ ಹೊಸದಾಗಿ ಕಾಣುವ ಆ ಅಂಕಿಯ ಒಳಗಿರುವ ಬೆಲೆಗಳು ಎಷ್ಟೋ ಗಂಟೆ ಹಳೆಯವಾಗಿರಬಹುದು. ಹಳೆಯ ಲೆಕ್ಕವನ್ನೇ ವೇಗವಾಗಿ ಮತ್ತೆ ಮತ್ತೆ ಬರೆದರೆ ಅದು ಹೊಸದಾಗುವುದಿಲ್ಲ.

ಎರಡನೆಯದು, ನನ್ನದೇ ಸಲಹೆ: ಅಧಿಕೃತ ಪಾಲುದಾರರು ಈ ಅಂತರವನ್ನು ಒಂದೆರಡು ದಿನದಲ್ಲಿ ಮುಚ್ಚುತ್ತಾರೆ, ಕಾಯೋಣ ಎಂಬುದು. ವಿಶ್ಲೇಷಕಿ ಕೇಳಿದ ಪ್ರಶ್ನೆಗೆ ಈ ಸಲಹೆ ನಿಲ್ಲಲಿಲ್ಲ. "82ಕ್ಕೆ ಯೂನಿಟ್ ಕೊಂಡು, ಇಟಿಎಫ್‌ಗೆ ಕೊಟ್ಟು, 86ರ ಬಾಂಡ್‌ಗಳನ್ನು ಪಡೆದು ಮಾರಿದರೆ 4 ಲಾಭ ಪುಕ್ಕಟೆಯಾಗಿ ಬಿದ್ದಿದೆ ಅಲ್ಲವೇ? ಅದನ್ನು ಎತ್ತಿಕೊಳ್ಳಲು ಇಷ್ಟು ಹೊತ್ತು ಯಾರೂ ಬಗ್ಗದಿರುವುದು ಏಕೆ?" ಈ ಪ್ರಶ್ನೆಯೇ ಪ್ರಕರಣದ ಮೊದಲ ತಿರುವು. ಲಾಭಕ್ಕಾಗಿಯೇ ಕೂತಿರುವವರು ಲಾಭ ಬಿಟ್ಟು ಕೂತಿದ್ದಾರೆಂದರೆ ಆ ಬಾಂಡ್‌ಗಳು ಪೇಟೆಯಲ್ಲಿ 86ಕ್ಕೆ ಮಾರಾಟವಾಗುತ್ತಿಲ್ಲ ಎಂದೇ ಅರ್ಥ.

ಎನ್‌ಎವಿ ಹೇಗೆ ಹುಟ್ಟುತ್ತದೆ

ಇಲ್ಲಿ ಸ್ವಲ್ಪ ನಿಂತು ಹೇಳಬೇಕಾದದ್ದಿದೆ, ಏಕೆಂದರೆ ಸಮಿತಿಯ ಅರಿವಿನಲ್ಲಿದ್ದ ದೊಡ್ಡ ಕೊರತೆ ಇದೇ.

ಕಂಪನಿಯೊಂದಕ್ಕೆ ಸಾಮಾನ್ಯವಾಗಿ ಒಂದು ಬಗೆಯ ಷೇರು ಇರುತ್ತದೆ, ಆದರೆ ಅದೇ ಕಂಪನಿ ಬೇರೆಬೇರೆ ಬಡ್ಡಿದರ, ಬೇರೆಬೇರೆ ಅವಧಿಯ ಹತ್ತಾರು ಬಾಂಡ್‌ಗಳನ್ನು ಹೊರಡಿಸಿರುತ್ತದೆ. ಅವುಗಳಲ್ಲಿ ಹೆಚ್ಚಿನವು ಪ್ರತಿದಿನ ವಹಿವಾಟಾಗುವುದಿಲ್ಲ. ವಾರಗಟ್ಟಲೆ ಕೈ ಬದಲಾಯಿಸದ ಬಾಂಡ್‌ಗಳೂ ಇವೆ. ಆದರೂ ಫಂಡ್ ಪ್ರತಿ ಸಂಜೆ ಒಂದೊಂದಕ್ಕೂ ಬೆಲೆ ಹಾಕಲೇಬೇಕು. ಅದಕ್ಕಾಗಿ ಬೆಲೆ ಸಂಸ್ಥೆಗಳಿವೆ. ಅವು ಆ ಬಾಂಡ್‌ನ ಕೊನೆಯ ವಹಿವಾಟು, ಅದೇ ದರ್ಜೆಯ ಮತ್ತು ಅದೇ ಅವಧಿಯ ಬೇರೆ ಬಾಂಡ್‌ಗಳ ವಹಿವಾಟು, ದಳ್ಳಾಳಿಗಳು ಸೂಚಿಸಿದ ದರ, ಸರ್ಕಾರಿ ಬಾಂಡ್‌ಗಳ ಇಳುವರಿ (ಯೀಲ್ಡ್, ಅಂದರೆ ಈಗಿನ ಬೆಲೆಗೆ ಕೊಂಡವನಿಗೆ ವರ್ಷಕ್ಕೆ ಸಿಗುವ ಆದಾಯದ ದರ), ಇವೆಲ್ಲವನ್ನೂ ಸೂತ್ರಕ್ಕೆ ಹಾಕಿ ಒಂದು ಅಂದಾಜು ಬೆಲೆ ಕೊಡುತ್ತವೆ. ಪೇಟೆ ಶಾಂತವಾಗಿದ್ದಾಗ ಈ ಅಂದಾಜು ಬಹಳ ಚೆನ್ನಾಗಿ ನಿಲ್ಲುತ್ತದೆ. ಪೇಟೆ ಒಂದೇ ದಿನದಲ್ಲಿ ಮುರಿದು ಬಿದ್ದಾಗ, ಆಧಾರಕ್ಕೆ ವಹಿವಾಟುಗಳೇ ಸಾಲದೆ, ಅಂದಾಜು ನಿನ್ನೆ ಮೊನ್ನೆಯ ಲೋಕದಲ್ಲಿ ಉಳಿದುಬಿಡುತ್ತದೆ. ಇದರಲ್ಲಿ ಯಾರದ್ದೂ ವಂಚನೆಯಿಲ್ಲ. ವಹಿವಾಟೇ ಆಗದ ವಸ್ತುವಿನ ಬೆಲೆ ನಿಧಾನವಾಗಿ ಮಾತ್ರ ಕದಲುತ್ತದೆ.

ಇನ್ನೊಂದು ಸೂಕ್ಷ್ಮವೂ ಇದೆ. ಅನೇಕ ಬಾಂಡ್ ಫಂಡ್‌ಗಳು ಎನ್‌ಎವಿಗೆ ಬಾಂಡ್‌ನ ಕೊಳ್ಳುವವನ ದರವನ್ನೇ, ಅಂದರೆ ಬಿಡ್ ದರವನ್ನೇ ಹಿಡಿಯುತ್ತವೆ. ಇಟಿಎಫ್‌ನ ಪೇಟೆ ಬೆಲೆಯಾದರೋ ಕೊಳ್ಳುವವನ ಮತ್ತು ಮಾರುವವನ ದರಗಳ ನಡುವೆ ಎಲ್ಲೋ ಇರುತ್ತದೆ. ಆದ್ದರಿಂದ ಮಾಮೂಲು ದಿನಗಳಲ್ಲಿ ಬಾಂಡ್ ಇಟಿಎಫ್ ಎನ್‌ಎವಿಗಿಂತ ತುಸು ಮೇಲೆ ಇರುವುದೇ ಸಹಜ ಸ್ಥಿತಿ. ನನ್ನ ನಿಯಮ ಸೊನ್ನೆಯನ್ನು ಸಹಜ ಎಂದು ಹಿಡಿದಿತ್ತು. ಸಣ್ಣ ತಪ್ಪು, ಆದರೂ ತಪ್ಪೇ.

ಅದೇ ದಿನಗಳ ಒಂದು ಅಂಕಿ ಇದನ್ನೆಲ್ಲ ಒಟ್ಟಿಗೆ ತೋರಿಸುತ್ತದೆ. ಕಾರ್ಪೊರೇಟ್ ಬಾಂಡ್‌ಗಳ ಹೆಸರಾಂತ ಇಟಿಎಫ್ ಎಲ್‌ಕ್ಯೂಡಿ ಮಾರ್ಚ್ 12ರಂದು ಷೇರುಪೇಟೆಯಲ್ಲಿ ಸುಮಾರು 90,000 ಬಾರಿ ಕೈ ಬದಲಾಯಿಸಿತು; ಅದರೊಳಗಿನ ಐದು ಅತಿ ದೊಡ್ಡ ಬಾಂಡ್‌ಗಳು ಅದೇ ದಿನ ವಹಿವಾಟಾದದ್ದು ಸರಾಸರಿ ತಲಾ 37 ಬಾರಿ. ಅತಿ ದೊಡ್ಡ ಬಾಂಡ್‌ಗಳದ್ದೇ ಈ ಕಥೆಯಾದರೆ ಪಟ್ಟಿಯ ಕೆಳಗಿನ ಸಾವಿರಾರು ಬಾಂಡ್‌ಗಳ ಬೆಲೆ ಎಷ್ಟರ ಮಟ್ಟಿಗೆ ಅಂದಾಜು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಲೆಕ್ಕ ಮಾಡಿದ ಬಗೆ

ಮಧ್ಯಾಹ್ನದ ಹೊತ್ತಿಗೆ ಪ್ರಶ್ನೆ ಬದಲಾಗಿತ್ತು. ಡಿಸ್ಕೌಂಟ್ ಎಷ್ಟು ಎಂಬುದರ ಬದಲು, ಎರಡು ಅಂಕಿಗಳಲ್ಲಿ ಯಾವುದು ಹಳತು ಎಂದು ಕೇಳತೊಡಗಿದೆವು. ಉತ್ತರಕ್ಕೆ ಎರಡು ದಾರಿ ಹಿಡಿದೆವು.

ಮೊದಲನೆಯದು ವಿಶ್ಲೇಷಕಿಯ ಕೆಲಸ. ಇಟಿಎಫ್ ತನ್ನ ಹಿಡುವಳಿಯನ್ನೂ ಪ್ರತಿ ಬಾಂಡ್‌ಗೆ ಹಾಕಿದ ಮೌಲ್ಯವನ್ನೂ ದಿನದಿನವೂ ಪ್ರಕಟಿಸುತ್ತದೆ. ಇನ್ನೊಂದು ಕಡೆ, ಅಮೆರಿಕದಲ್ಲಿ 2002ರಿಂದ ಟ್ರೇಸ್ ಎಂಬ ವ್ಯವಸ್ಥೆಯಿದ್ದು, ಕಾರ್ಪೊರೇಟ್ ಬಾಂಡ್‌ಗಳ ವಹಿವಾಟುಗಳು ಅಲ್ಲಿ ವರದಿಯಾಗುತ್ತವೆ. ಆಕೆ ಅತಿ ದೊಡ್ಡ 20 ಹಿಡುವಳಿಗಳನ್ನು ತೆಗೆದುಕೊಂಡು, ಎನ್‌ಎವಿಯಲ್ಲಿ ಅವಕ್ಕೆ ಹಾಕಿದ ಬೆಲೆಯ ಪಕ್ಕದಲ್ಲಿ ಅದೇ ದಿನ ದೊಡ್ಡ ಮೊತ್ತದಲ್ಲಿ ನಡೆದ ವಹಿವಾಟಿನ ಬೆಲೆಯನ್ನು ಬರೆದಳು. ಚಿಲ್ಲರೆ ಮೊತ್ತದ ವಹಿವಾಟುಗಳನ್ನು ಬಿಟ್ಟಳು, ಏಕೆಂದರೆ ಬೆಲೆ ಸಂಸ್ಥೆಗಳ ಅಂದಾಜು ದೊಡ್ಡ ಗಾತ್ರದ ವಹಿವಾಟನ್ನು ಊಹಿಸಿಕೊಂಡೇ ಇರುತ್ತದೆ. ಚಿಲ್ಲರೆ ಬೆಲೆಯನ್ನು ಅದರ ಪಕ್ಕದಲ್ಲಿಟ್ಟರೆ ಹೋಲಿಕೆ ಸರಿಹೊಂದುವುದಿಲ್ಲ. 20ರಲ್ಲಿ 14 ಬಾಂಡ್‌ಗಳಿಗೆ ಅಂಥ ವಹಿವಾಟು ಸಿಕ್ಕಿತು. ಅವುಗಳಲ್ಲಿ 11 ಬಾಂಡ್‌ಗಳು ಎನ್‌ಎವಿಯ ಬೆಲೆಗಿಂತ ಕೆಳಗೆ ಮಾರಾಟವಾಗಿದ್ದವು. ತೂಕಕ್ಕೆ ತಕ್ಕಂತೆ ಸರಾಸರಿ ತೆಗೆದರೆ ಅಂತರ ಸುಮಾರು ಶೇ 3.4.

ಎರಡನೆಯ ದಾರಿ ಇನ್ನೂ ಸರಳ. ನಮ್ಮ ಇಟಿಎಫ್‌ನ ಡ್ಯುರೇಷನ್ ಸುಮಾರು 8.5 ಇತ್ತು, ಇಳುವರಿ ಶೇಕಡಾವಾರು ಅಂಶದಲ್ಲಿ 1 ಏರಿದರೆ ಬೆಲೆ ಸುಮಾರು ಶೇ 8.5 ಇಳಿಯುತ್ತದೆ ಎಂದು ಇದರ ಅರ್ಥ. ಶೇ 4.65ರ ಡಿಸ್ಕೌಂಟನ್ನು 8.5ರಿಂದ ಭಾಗಿಸಿದರೆ 0.55 ಬರುತ್ತದೆ. ಅಂದರೆ ಈ ಬಾಂಡ್‌ಗಳ ಇಳುವರಿ ಎನ್‌ಎವಿ ತೋರಿಸುತ್ತಿರುವುದಕ್ಕಿಂತ ಶೇಕಡಾವಾರು ಅಂಶದಲ್ಲಿ 0.55 ಹೆಚ್ಚು ಎಂದು ಷೇರುಪೇಟೆ ಹೇಳುತ್ತಿತ್ತು, ಅಷ್ಟೇ. ಖಜಾಂಚಿಯವರ ಮನಸ್ಸು ತಿರುಗಿದ್ದು ಈ ಲೆಕ್ಕದಿಂದ. ಕಂಪನಿ ಬಾಂಡ್‌ಗಳ ಇಳುವರಿ ಆ ವಾರ ಒಂದೊಂದು ದಿನದಲ್ಲಿ ಎಷ್ಟೆಷ್ಟು ಜಿಗಿಯುತ್ತಿದೆಯೆಂದು ಅವರು ನೋಡುತ್ತಲೇ ಇದ್ದರು. ಅರ್ಧ ಅಂಶದ ಹಿಂದುಳಿಕೆ ಅವರಿಗೆ ವಿಚಿತ್ರವೆನಿಸಲಿಲ್ಲ.

ಹೀಗೆ ಶೇ 4.65ರಲ್ಲಿ ಸುಮಾರು ಮುಕ್ಕಾಲು ಪಾಲು ಎನ್‌ಎವಿಯ ಹಿಂದುಳಿಕೆ ಎಂದೂ, ಉಳಿದ ಶೇ 1.2ರಷ್ಟು ತಕ್ಷಣ ನಗದು ಬೇಕೆನ್ನುವವರು ತೆರುತ್ತಿದ್ದ ಬೆಲೆಯೆಂದೂ ತೀರ್ಮಾನಿಸಿದೆವು. ಈ ಎರಡನೆಯ ಭಾಗವನ್ನು ಮರೆಯುವುದು ಇನ್ನೊಂದು ಅತಿರೇಕ. ಆ ವಾರದ ನಂತರ "ಇಟಿಎಫ್ ಬೆಲೆಯೇ ಸತ್ಯ, ಎನ್‌ಎವಿ ಸುಳ್ಳು" ಎಂದು ಸಾರಿದವರು ಬಹಳ ಮಂದಿ. ನನಗೆ ಆ ಮಾತು ಪೂರ್ತಿ ಒಪ್ಪಿಗೆಯಿಲ್ಲ. ದಳ್ಳಾಳಿ ಸಂಸ್ಥೆಗಳ ಬಳಿ ಬಾಂಡ್‌ಗಳನ್ನು ಕೊಂಡು ಇಟ್ಟುಕೊಳ್ಳುವ ಶಕ್ತಿ ಕುಗ್ಗಿದಾಗ ಪೇಟೆ ಬೆಲೆಯೂ ಬಾಂಡ್‌ಗಳ ಯೋಗ್ಯ ಮೌಲ್ಯಕ್ಕಿಂತ ಕೆಳಗೆ ಹೋಗಬಲ್ಲದು. 14 ಬಾಂಡ್‌ಗಳ ಲೆಕ್ಕದಿಂದ ನೂರಾರು ಬಾಂಡ್‌ಗಳ ಬಗ್ಗೆ ಮಾತನಾಡುತ್ತಿದ್ದೇವೆಂಬ ಎಚ್ಚರವೂ ಬೇಕಿತ್ತು.

ನಿರ್ಧಾರ

ಲೆಕ್ಕ ಮುಗಿದಾಗ ಯಾರೂ ನಿರೀಕ್ಷಿಸದ ಕಡೆಯಿಂದ ಎರಡನೆಯ ತಿರುವು ಬಂತು. ಇಟಿಎಫ್‌ನ ಎನ್‌ಎವಿ ಹಿಂದುಳಿದಿದ್ದರೆ, ಅದೇ ಬಗೆಯ ಬಾಂಡ್‌ಗಳನ್ನು ಅದೇ ವಿಧಾನದಲ್ಲಿ ಬೆಲೆಕಟ್ಟುವ ನಮ್ಮ ಮ್ಯೂಚುವಲ್ ಫಂಡ್‌ನ ಎನ್‌ಎವಿಯೂ ಹಿಂದುಳಿದಿರಲೇಬೇಕು. ವ್ಯತ್ಯಾಸವೇನೆಂದರೆ, ಅಲ್ಲಿ ಆ ಎತ್ತರದ ಅಂಕಿಗೇ ನಗದು ಸಿಗುತ್ತದೆ. ಮೂರು ವರ್ಷಗಳಿಂದ ಎರಡು ಹಿಡುವಳಿಗಳಲ್ಲಿ ಮ್ಯೂಚುವಲ್ ಫಂಡನ್ನೇ "ಡಿಸ್ಕೌಂಟ್ ಇಲ್ಲದ, ಭದ್ರವಾದ" ಹಿಡುವಳಿ ಎಂದು ನಾವು ಕರೆಯುತ್ತಿದ್ದೆವು. ಅಲ್ಲಿ ಡಿಸ್ಕೌಂಟ್ ಇರಲಿಲ್ಲ ಎನ್ನುವುದಕ್ಕಿಂತ, ಅದನ್ನು ತೋರಿಸುವ ಪೇಟೆ ಬೆಲೆ ಅಲ್ಲಿರಲಿಲ್ಲ ಎನ್ನುವುದು ಸರಿ.

ಆದ್ದರಿಂದ ವಿದ್ಯಾರ್ಥಿವೇತನಕ್ಕೆ ಬೇಕಾದ ಹಣವನ್ನು ಮ್ಯೂಚುವಲ್ ಫಂಡ್‌ನಿಂದ ಹಿಂಪಡೆದು, ಇಟಿಎಫ್ ಅನ್ನು ಮುಟ್ಟದೆ ಇಡುವ ಪ್ರಸ್ತಾಪ ಬಂತು. ಇಲ್ಲಿ ಹಿರಿಯ ಸದಸ್ಯರು ತಡೆದರು. ಅವರ ಆಕ್ಷೇಪ ಗಂಭೀರವಾದದ್ದು. ನಾವೇ ಹೆಚ್ಚಾಯಿತೆಂದು ನಂಬುವ ಬೆಲೆಗೆ ಹಣ ಪಡೆದರೆ ಆ ಹೆಚ್ಚಳವನ್ನು ಭರಿಸುವವರು ಫಂಡ್‌ನಲ್ಲಿ ಉಳಿದುಕೊಂಡ ಇತರ ಹೂಡಿಕೆದಾರರು. ಇದು ನ್ಯಾಯವೇ ಎಂದು ಅವರು ಕೇಳಿದರು. ಹೊರಹೋಗುವವರ ಖರ್ಚನ್ನು ಹೊರಹೋಗುವವರ ಮೇಲೆಯೇ ಹಾಕಲು ಎನ್‌ಎವಿಯನ್ನು ಸರಿಹೊಂದಿಸುವ ಪದ್ಧತಿಗೆ, ಸ್ವಿಂಗ್ ಪ್ರೈಸಿಂಗ್ ಎಂದು ಕರೆಯುವ ಅದಕ್ಕೆ, ಅಮೆರಿಕದಲ್ಲಿ 2018ರ ನವೆಂಬರಿನಿಂದ ಅನುಮತಿಯಿತ್ತು; ಆದರೆ ಅಲ್ಲಿನ ಫಂಡ್‌ಗಳು ಅದನ್ನು ಬಳಕೆಗೆ ತಂದಿರಲಿಲ್ಲ.

ಒಂದು ಗಂಟೆಯ ಚರ್ಚೆಯ ನಂತರ ಮಧ್ಯದ ದಾರಿ ಒಪ್ಪಿಗೆಯಾಯಿತು. ಏಪ್ರಿಲ್ ಕಂತಿಗೆ ಬೇಕಾದಷ್ಟನ್ನು ಮಾತ್ರ ಮ್ಯೂಚುವಲ್ ಫಂಡ್‌ನಿಂದ ಪಡೆಯುವುದು, ಅದಕ್ಕಿಂತ ಒಂದು ಯೂನಿಟ್ಟೂ ಹೆಚ್ಚು ಬೇಡ. ಇಟಿಎಫ್ ಮಾರಾಟದ ನಿಯಮವನ್ನು ಠರಾವಿನ ಮೂಲಕ 30 ದಿನ ಅಮಾನತಿನಲ್ಲಿಡುವುದು, ಕಾರಣವನ್ನು ನಡಾವಳಿಯಲ್ಲಿ ಪೂರ್ತಿಯಾಗಿ ಬರೆಯುವುದು. ಹಿಂಪಡೆಯುವ ಅರ್ಜಿ ಅದೇ ದಿನ ಸಂಜೆ 4 ಗಂಟೆಯ ಗಡುವಿನ ಮೊದಲು ಹೋಯಿತು. ಅರ್ಜಿ ಕೊಟ್ಟವನಿಗೆ ಸಿಗುವುದು ನಿನ್ನೆಯ ಎನ್‌ಎವಿಯಲ್ಲ, ಅರ್ಜಿಯ ನಂತರ ಲೆಕ್ಕವಾಗುವ ಎನ್‌ಎವಿ. ಆದ್ದರಿಂದ ಸಂಜೆಗೆ ಆ ಅಂಕಿಯೂ ಶೇ 1.9ರಷ್ಟು ಇಳಿದಿದ್ದನ್ನು ನಾವು ಒಪ್ಪಿಕೊಳ್ಳಬೇಕಾಯಿತು. ನಮ್ಮ ಲೆಕ್ಕ ಸರಿಯೆಂಬುದಕ್ಕೆ ಅದು ಮೊದಲ ಸುಳಿವೂ ಆಗಿತ್ತು.

ನಂತರ ನಡೆದದ್ದು

ಮಾರ್ಚ್ 20ರ ಮುಕ್ತಾಯಕ್ಕೆ ಇಟಿಎಫ್‌ನ ಬೆಲೆ 80.7, ಎನ್‌ಎವಿ 82.8. ಮೂರು ದಿನದಲ್ಲಿ ಬೆಲೆ ಇಳಿದದ್ದು 1.3, ಎನ್‌ಎವಿ ಇಳಿದದ್ದು 3.2. ಅಂತರ ಕಿರಿದಾದದ್ದು ಬೆಲೆ ಮೇಲೆ ಬಂದದ್ದರಿಂದಲ್ಲ, ಎನ್‌ಎವಿ ಕೆಳಗಿಳಿದು ಬೆಲೆಯನ್ನು ಹುಡುಕಿಕೊಂಡು ಬಂದದ್ದರಿಂದ. ಅಧ್ಯಕ್ಷರ ಲೆಕ್ಕದ "4 ನಷ್ಟ"ದಲ್ಲಿ ಹೆಚ್ಚಿನ ಭಾಗ ಮಾರ್ಚ್ 17ರಂದೇ ಆಗಿಹೋಗಿತ್ತು. ಪುಸ್ತಕಕ್ಕೆ ಮಾತ್ರ ಬಂದಿರಲಿಲ್ಲ.

ಮಾರ್ಚ್ 23ರಂದು ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಕಾರ್ಪೊರೇಟ್ ಬಾಂಡ್‌ಗಳನ್ನೂ ಅವುಗಳ ಇಟಿಎಫ್‌ಗಳನ್ನೂ ಕೊಳ್ಳುವ ಯೋಜನೆ ಪ್ರಕಟಿಸಿತು. ಖರೀದಿ ಶುರುವಾದದ್ದು ಮೇ 12ರಂದು, ಆದರೆ ಪೇಟೆ ಅಷ್ಟು ದಿನ ಕಾಯಲಿಲ್ಲ. ಪ್ರಕಟಣೆಯ ದಿನವೇ ನಮ್ಮ ಇಟಿಎಫ್ 86.5ಕ್ಕೆ ಏರಿತು, ಎನ್‌ಎವಿ 83.2ರಲ್ಲಿತ್ತು. ಈಗ ಬೆಲೆಯೇ ಮೇಲೆ, ಶೇ 4ರಷ್ಟು ಪ್ರೀಮಿಯಂ! ಕೆಳಗಿಳಿಯುವಾಗ ಹಿಂದುಳಿದ ಎನ್‌ಎವಿ ಮೇಲೇರುವಾಗಲೂ ಹಿಂದುಳಿಯಿತು. ನಿಯಮದಲ್ಲಿ ಪ್ರೀಮಿಯಂ ಬಗ್ಗೆ ಒಂದಕ್ಷರವೂ ಇರಲಿಲ್ಲವೆಂಬುದು ಆ ಸಂಜೆ ನಮ್ಮ ಗಮನಕ್ಕೆ ಬಂತು. ಫೆಡರಲ್ ರಿಸರ್ವ್ ಮಾತ್ರ ತನ್ನ ಯೋಜನೆಯ ಷರತ್ತುಗಳಲ್ಲಿ, ಎನ್‌ಎವಿಯ ಅಂದಾಜಿಗಿಂತ ಗಣನೀಯವಾಗಿ ಹೆಚ್ಚಿನ ಬೆಲೆಯಲ್ಲಿರುವ ಇಟಿಎಫ್‌ಗಳನ್ನು ಕೊಳ್ಳುವುದನ್ನು ತಪ್ಪಿಸುವುದಾಗಿ ಹೇಳಿಕೊಂಡಿತ್ತು.

ನಾವು ಇಟಿಎಫ್ ಉಳಿಸಿಕೊಂಡದ್ದು ಒಳ್ಳೆಯ ಫಲ ಕೊಟ್ಟಿತು ಎಂಬುದನ್ನು ಲೆಕ್ಕದ ಗೆಲುವೆಂದು ನಾನು ಹೇಳಿಕೊಳ್ಳಲಾರೆ. ಮಾರ್ಚ್ 23ರ ಪ್ರಕಟಣೆ ನಮ್ಮ ಯಾವ ಕೋಷ್ಟಕದಲ್ಲೂ ಇರಲಿಲ್ಲ. ಅದು ಬಾರದೆ ಹೋಗಿದ್ದರೆ 80.7 ಇನ್ನೂ ಕೆಳಗೆ ಹೋಗಬಹುದಾಗಿತ್ತು. ಲೆಕ್ಕದಿಂದ ಬಂದ ಲಾಭ ಒಂದೇ: ಹಣವನ್ನು ಯಾವ ಬಾಗಿಲಿನಿಂದ ಹೊರತೆಗೆಯಬೇಕೆಂಬ ಆಯ್ಕೆ.

ಲೆಕ್ಕಪುಸ್ತಕದ ಪ್ರಶ್ನೆ

ಮಾರ್ಚ್ 31ಕ್ಕೆ ಟ್ರಸ್ಟ್‌ನ ವರ್ಷಾಂತ್ಯ. ಲೆಕ್ಕಪರಿಶೋಧಕರು ಬಂದಾಗ ಇನ್ನೊಂದು ಸಂಗತಿ ಹೊರಬಿತ್ತು. ನಮ್ಮ ಲೆಕ್ಕಿಗರು ಇಟಿಎಫ್ ಹಿಡುವಳಿಯನ್ನು ಇಷ್ಟು ವರ್ಷ ಎನ್‌ಎವಿಯಲ್ಲೇ ಬರೆದಿಟ್ಟಿದ್ದರು. ಮ್ಯೂಚುವಲ್ ಫಂಡ್‌ಗೆ ಹಾಗೆ ಬರೆಯುವ ರೂಢಿಯನ್ನು ಇದಕ್ಕೂ ಎಳೆದಿದ್ದರು. ಎರಡರ ಅಂತರ ಶೇ 0.1 ಇದ್ದ ಕಾಲದಲ್ಲಿ ಇದನ್ನು ಯಾರೂ ಪ್ರಶ್ನಿಸಿರಲಿಲ್ಲ. ಆದರೆ ಚುರುಕಾಗಿ ವಹಿವಾಟಾಗುವ ಪೇಟೆಯಲ್ಲಿ ನಮೂದಾದ ಬೆಲೆಯಿರುವಾಗ ನ್ಯಾಯಯುತ ಮೌಲ್ಯಕ್ಕೆ ಆ ಬೆಲೆಯನ್ನೇ, ಯಾವ ತಿದ್ದುಪಡಿಯೂ ಇಲ್ಲದೆ ಹಿಡಿಯಬೇಕೆಂದು ಲೆಕ್ಕಪತ್ರದ ಮಾನದಂಡಗಳು, ಅಂತರರಾಷ್ಟ್ರೀಯ ಮಾನದಂಡ ಐಎಫ್‌ಆರ್‌ಎಸ್ 13 ಸೇರಿದಂತೆ, ಸ್ಪಷ್ಟವಾಗಿ ಹೇಳುತ್ತವೆ. ಪರಿಶೋಧಕರು ಪೇಟೆ ಬೆಲೆಗೆ ತಿದ್ದಿಸಿದರು. ಮಾರ್ಚ್ 17ರಂದು ಇದೇ ತಿದ್ದುಪಡಿ ಮಾಡಿದ್ದರೆ ಟ್ರಸ್ಟ್‌ನ ಮೌಲ್ಯ ಇಳಿಯುತ್ತಿತ್ತು. 31ಕ್ಕೆ ಸಣ್ಣ ಪ್ರೀಮಿಯಂ ಇದ್ದುದರಿಂದ ತುಸು ಏರಿತು, ಹಾಗಾಗಿ ಯಾರೂ ಜಗಳಕ್ಕೆ ನಿಲ್ಲಲಿಲ್ಲ.

ನಿಯಮ ಈಗ ಹೇಗಿದೆ

ಜೂನ್‌ನಲ್ಲಿ ನೀತಿಯನ್ನು ತಿದ್ದಿ ಬರೆದೆವು. ಶೇ 3ರ ಗೆರೆ ಇನ್ನೂ ಇದೆ, ಆದರೆ ಅದನ್ನು ದಾಟಿದರೆ ಆಗಬೇಕಾದದ್ದು ಮಾರಾಟವಲ್ಲ, ಸಭೆ. ಅಂತರ ಮೇಲ್ಮುಖವಾಗಿದ್ದರೂ ಕೆಳಮುಖವಾಗಿದ್ದರೂ ಸಭೆ ಸೇರಬೇಕು. ಸಭೆಯ ಮುಂದೆ ಮೂರು ಕಾಗದ ಇರಬೇಕು: ದೊಡ್ಡ ಹಿಡುವಳಿಗಳ ಎನ್‌ಎವಿ ಬೆಲೆ ಮತ್ತು ವಹಿವಾಟಿನ ಬೆಲೆಯ ಹೋಲಿಕೆ, ಅಂತರವನ್ನು ಡ್ಯುರೇಷನ್‌ನಿಂದ ಭಾಗಿಸಿದ ಇಳುವರಿಯ ಲೆಕ್ಕ, ಒಂದೇ ಬಗೆಯ ಬಾಂಡ್‌ಗಳಿರುವ ಬೇರೆ ಫಂಡ್‌ಗಳು ಅದೇ ದಿನ ಎಲ್ಲಿ ನಿಂತಿವೆ ಎಂಬ ಪಟ್ಟಿ. ಮೂರನೆಯದು ವಿಶ್ಲೇಷಕಿಯ ಸೇರ್ಪಡೆ. ಒಂದೇ ಇಟಿಎಫ್ ಹಿಂದೆ ಬಿದ್ದಿದ್ದರೆ ಅದರ ಒಳಗೆ ಏನೋ ಕೆಟ್ಟಿರಬಹುದು, ಎಲ್ಲವೂ ಒಟ್ಟಿಗೆ ಬಿದ್ದಿದ್ದರೆ ಎನ್‌ಎವಿಯನ್ನೇ ಮೊದಲು ಅನುಮಾನಿಸಬೇಕು ಎಂಬುದು ಆಕೆಯ ವಾದ. ನನ್ನ ಹಳೆಯ ನಿಯಮ ಹಿಡಿಯಬೇಕೆಂದಿದ್ದದ್ದು ಮೊದಲನೆಯದನ್ನು, ಹಿಡಿದದ್ದು ಎರಡನೆಯದನ್ನು.

ಒಂದು ವಿಷಯ ಮಾತ್ರ ಇತ್ಯರ್ಥವಾಗಲಿಲ್ಲ. ಎನ್‌ಎವಿ ಹಿಂದುಳಿದಿದೆಯೆಂದು ಗೊತ್ತಿದ್ದೂ ಮ್ಯೂಚುವಲ್ ಫಂಡ್‌ನಿಂದ ಹಣ ಪಡೆಯಬಹುದೇ ಎಂಬ ಪ್ರಶ್ನೆಗೆ ಹೊಸ ನೀತಿಯಲ್ಲಿ ಒಂದು ಸಾಲು ಬರೆಯಲು ಹೊರಟೆವು. ಟ್ರಸ್ಟ್‌ನ ಹೊಣೆ ಅದರ ವಿದ್ಯಾರ್ಥಿಗಳಿಗೆ, ಫಂಡ್‌ನ ಇತರ ಹೂಡಿಕೆದಾರರಿಗಲ್ಲ ಎಂದು ನಾನು ವಾದಿಸಿದೆ. ಹಿರಿಯ ಸದಸ್ಯರು ಒಪ್ಪಲಿಲ್ಲ. ಆ ಫಂಡ್‌ನಲ್ಲಿ ಉಳಿದವರ ಪೈಕಿ ಇನ್ನೊಂದು ವಿದ್ಯಾರ್ಥಿವೇತನ ಟ್ರಸ್ಟ್ ಇರಲಿಲ್ಲವೆಂದು ನಿಮಗೆ ಹೇಗೆ ಗೊತ್ತು ಎಂದು ಕೇಳಿದರು. ಆ ಸಾಲಿನ ಜಾಗ ನೀತಿಯಲ್ಲಿ ಖಾಲಿ ಇದೆ, ಅವರ ಭಿನ್ನಮತದ ಟಿಪ್ಪಣಿ ಮಾರ್ಚ್ 18ರ ನಡಾವಳಿಯ ಕೊನೆಯ ಪುಟದಲ್ಲಿದೆ.